ಹನ್ನೆರಡರಿಂದ ಮೂರರವರೆಗೆ

ಸತ್ಯನಾರಾಯಣಪೇಟೆ, ಬಳ್ಳಾರಿ
11 ಜೂನ್ 2025, ಬುಧವಾರ

ಪ್ರೀತಿಯ ತಮ್ಮ ಹುಲುಗಪ್ಪ,

ನಿನ್ನ ಬಲ ಮೊಣಕಾಲು ಹೇಗಿದೆ? ಮೂಟೆ ಹೊತ್ತು ಮೆಟ್ಟಿಲು ಹತ್ತುವಾಗ ಅದು ಮೊದಲಿನ ಹಾಗೆ ಸದ್ದು ಮಾಡುತ್ತದೆಯೇ? ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರಿಗೆ ಕೂರಲು ನೆರಳಿದೆಯೇ, ಕುಡಿಯುವ ನೀರು ಎಲ್ಲಿಂದ ತರುತ್ತೀರಿ, ಕೆಮ್ಮು ಇಳಿಯಿತೇ? ಇವೆಲ್ಲ ಫೋನಿನಲ್ಲಿ ಕೇಳಬೇಕಾದ ಮಾತುಗಳು. ನೀನು ಫೋನು ತೆಗೆಯುವುದಿಲ್ಲ. ಏಳು ವಾರದಿಂದ ಪ್ರತಿ ಸಂಜೆ ಏಳು ಗಂಟೆಗೆ ಮಾಡುತ್ತೇನೆ, ಅದು ಪೂರ್ತಿ ರಿಂಗಾಗಿ ನಿಲ್ಲುತ್ತದೆ. ಫೋನು ಆಫ್ ಆಗಿಲ್ಲ, ಚಾರ್ಜ್ ಇದೆ, ಅಂದರೆ ನೀನು ಚೆನ್ನಾಗಿದ್ದೀ ಎಂದು ಲೆಕ್ಕ ಹಾಕಿ ಅಡುಗೆಗೆ ಏಳುತ್ತೇನೆ. ಈಗ ನಮ್ಮ ಪತ್ರಿಕೆಯ ಜೊತೆ ಒಂದು ತೆಲುಗು ಪತ್ರಿಕೆಯನ್ನೂ ಕೊಳ್ಳುತ್ತಿದ್ದೇನೆ. ಕರ್ನೂಲು ಜಿಲ್ಲೆಯ ಪುಟದಲ್ಲಿ ಆದೋನಿ ಎಂದು ಕಂಡರೆ ಸಾಕು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ನಿಮ್ಮ ಯಾರ್ಡಿನ ಸುದ್ದಿ ಇದುವರೆಗೆ ಎರಡು ಸಲ ಬಂದಿದೆ. ಒಂದು ಸಲ ತೂಕದ ಯಂತ್ರ ಕೆಟ್ಟದ್ದು, ಇನ್ನೊಂದು ಸಲ ಹಮಾಲರು ಅರ್ಧ ದಿನ ಕೆಲಸ ನಿಲ್ಲಿಸಿದ್ದು. ಎರಡನೆಯದರಲ್ಲಿ ಫೋಟೋ ಇತ್ತು. ಕನ್ನಡಕ ಒರೆಸಿಕೊಂಡು ಹತ್ತು ನಿಮಿಷ ನೋಡಿದೆ. ನೀನು ಅದರಲ್ಲಿ ಇರಲಿಲ್ಲ.

ಈ ಕಾಗದವನ್ನು ಯಾರಿಂದಲೂ ಓದಿಸಬೇಡ. ತಡವಾದರೂ ನೀನೇ ಓದು. ಅದಕ್ಕಾಗಿಯೇ ಅಕ್ಷರ ದಪ್ಪಗೆ, ಸಾಲು ಬಿಟ್ಟು ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವಳು ನಿನ್ನ ಹೆಂಡತಿ. ಮಾರೆಮ್ಮ ಸಿರುಗುಪ್ಪದ ಮನೆಯಲ್ಲೇ ಇದ್ದಾಳೆ, ಆರೋಗ್ಯವಾಗಿದ್ದಾಳೆ. ಕಾಲುವೆಗೆ ನೀರು ಬಿಡುವವರೆಗೆ ಅವಳಿಗೆ ಕೂಲಿ ಕಡಿಮೆ, ಹಾಗಾಗಿ ಹೋದಾಗಲೆಲ್ಲ ಮನೆಯಲ್ಲಿ ಸಿಗುತ್ತಾಳೆ. ಹೋದ ವಾರ ನಿನ್ನ ಮಾತು ಬಂದಾಗ, “ನಿಮ್ಮ ತಮ್ಮ ಎತ್ತು ಬಿಟ್ಟು ಇರ್ತಾನ, ನನ್ನ ಬಿಟ್ಟು ಇರ್ತಾನ. ಬೀಡಿ ಬಿಟ್ಟು ಎರಡು ದಿನ ಇರ್ಲಿ ನೋಡೂನು” ಎಂದಳು. ನಕ್ಕಳು, ಆಮೇಲೆ ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ನೀನು ಬಿಟ್ಟುಹೋದ ನೀಲಿ ಅಂಗಿಯನ್ನು ಒಗೆದು ಮಡಚಿ ಇಟ್ಟಿದ್ದಾಳೆ. ಇದನ್ನು ಬರೆಯಬೇಡಿ ಎಂದು ಹೇಳಿದ್ದಾಳೆ.

ಇನ್ನು ಎತ್ತುಗಳ ಸುದ್ದಿ. ಏಪ್ರಿಲ್ 17ರಂದು ಅಕ್ಕಿ ಮಿಲ್ಲಿನ ಗೇಟಿನ ಮುಂದೆ ಪೊಲೀಸರು ನಿನ್ನಿಂದ ವಶಪಡಿಸಿಕೊಂಡ ಮೇಲೆ ಅವು ಕುರುಗೋಡಿನ ಗೋಶಾಲೆಯಲ್ಲೇ ಇವೆ. ಭಾನುವಾರ ಬೆಳಗಿನ ಬಸ್ಸಿಗೆ ನಾನು ಅಲ್ಲಿಗೆ ಹೋಗುತ್ತೇನೆ, ಒಂದು ವಾರವೂ ತಪ್ಪಿಸಿಲ್ಲ. ಕೆಂಪಗಿನ ಎರ್ರೋಡು ಮೈ ತುಂಬಿಕೊಂಡಿದೆ. ಬಿಳಿಯ ತೆಲ್ಲೋಡು ಹಾಕಿದ ಮೇವಿನಲ್ಲಿ ಅರ್ಧ ಬಿಡುತ್ತದೆ. ಅಲ್ಲಿ ನೋಡಿಕೊಳ್ಳುವವರು ಒಳ್ಳೆಯವರೇ, ಆದರೆ ಅವರು ಕನ್ನಡದಲ್ಲಿ ಕರೆಯುತ್ತಾರೆ. ಆ ಕಡೆಯ ಸಂತೆಯಲ್ಲಿ ಕೊಂಡು ತಂದ ಜೋಡಿ ಎಂದು ನೀನು ಮೊದಲ ದಿನದಿಂದ ಅವುಗಳ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದೆ. ಮೊದಲ ಭಾನುವಾರ ನಾನು ಬೇಲಿಯ ಹೊರಗೆ ನಿಂತು, ನಾಚಿಕೆ ಬಿಟ್ಟು, ನಿನ್ನ ಧಾಟಿಯಲ್ಲಿ “ರಾ ನಾಯನಾ, ರಾ” ಎಂದೆ. ನಲವತ್ತು ದನಗಳ ನಡುವಿನಿಂದ ತೆಲ್ಲೋಡು ಕಿವಿ ನಿಮಿರಿಸಿ ಬಂತು. ನನ್ನನ್ನು ಮೂಸಿತು. ಆಮೇಲೆ ನನ್ನ ಬೆನ್ನ ಹಿಂದೆ, ರಸ್ತೆಯ ಕಡೆ ನೋಡುತ್ತ ನಿಂತಿತು. ಅಲ್ಲಿಂದ ಈಚೆಗೆ ಅದನ್ನು ಹಾಗೆ ಕರೆದಿಲ್ಲ.

ಖಾಜಾಮಿಯಾ ಎರಡು ಸಲ ಅಲ್ಲಿಗೆ ಬಂದಿದ್ದ. ನಾನು ಕರೆದಿರಲಿಲ್ಲ, ತಾನಾಗಿಯೇ ಬಂದ. ಕೆಲಸವಿಲ್ಲದೆ ನಿಂತ ಎತ್ತಿನ ಗೊರಸು ಬೆಳೆದು ಲಾಳವನ್ನು ನುಂಗಿಬಿಡುತ್ತದಂತೆ, ಆಗ ಕಾಲು ಊರಲು ಆಗುವುದಿಲ್ಲವಂತೆ. ಜೂನ್ ಒಂದರ ಭಾನುವಾರ ಸಿರುಗುಪ್ಪದಿಂದ ಇಕ್ಕಳ, ಉಳಿ, ಹಗ್ಗ ತಂದು ಎರಡೂ ಎತ್ತು ಕೆಡವಿ ಹದಿನಾರು ಲಾಳ ಕಿತ್ತ, ಮೊನ್ನೆ ಭಾನುವಾರ ಬಂದು ಗೊರಸು ಕೆತ್ತಿ ಸಮ ಮಾಡಿದ. ಮೂವತ್ತು ವರ್ಷದಿಂದ ನಿನ್ನ ಎತ್ತುಗಳಿಗೆ ಲಾಳ ಕಟ್ಟಿದವನು ಅವನೊಬ್ಬನೇ ಅಲ್ಲವೇ. ಅಂದು ಜೀಪಿನಲ್ಲಿ ಬಂದವರು ನಿನ್ನನ್ನು ಹೆಸರು ಹಿಡಿದು ಕರೆದದ್ದಕ್ಕೆ, ಮರುದಿನ ನೀನು ಅವನ ಕೊಟ್ಟಿಗೆಗೆ ಹೋಗಿ ನಾಲ್ಕು ಜನರ ಮುಂದೆ “ಲೇ ಖಾಜಾ, ನನ್ನ ಹೆಸರು ಕೊಟ್ಟಾಂವ ನೀನಾ” ಎಂದು ಕೂಗಾಡಿದ್ದನ್ನು ಮಾರೆಮ್ಮ ಹೇಳಿದಳು. ಅವನು ಕೈಯಲ್ಲಿದ್ದ ಲಾಳಕ್ಕೆ ಮೊಳೆ ಹೊಡೆಯುತ್ತಲೇ ಇದ್ದನಂತೆ. ಕುರುಗೋಡಿನಲ್ಲಿ ನಾನು ಆ ವಿಷಯ ತೆಗೆದಾಗಲೂ, “ಅಂವಾ ಸಿಟ್ಟಾಗ್ಯಾನ, ಆಗ್ಲಿ ಬಿಡ್ರಿ ಅಕ್ಕಾರ. ಎತ್ತು ಏನ್ ಮಾಡ್ಯಾವ” ಎಂದು ತಲೆ ತಗ್ಗಿಸಿ ಕೆಲಸ ಮಾಡಿದ. ನಾನು ತಂದಿದ್ದ ಚಿತ್ರಾನ್ನದಲ್ಲಿ ಅರ್ಧ ತಿಂದ. ಈ ಹೆಸರು ಕೊಟ್ಟ ವಿಚಾರವನ್ನು ಬರೆಯಲು ಕೂತು ಮೂರು ಹಾಳೆ ಹರಿದುಹಾಕಿದ್ದೇನೆ. ಉಳಿದದ್ದನ್ನು ಮೊದಲು ಬರೆಯುತ್ತೇನೆ.

ನೀನು ಹಮಾಲಿಗಾಗಿ ಆದೋನಿಗೆ ಹೋಗುವ ಮುಂಚೆ ಮಾರೆಮ್ಮನ ಹತ್ತಿರ, ಅಕ್ಕನಿಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದೆಯಂತೆ. ನಿಜ ಹೇಳುತ್ತೇನೆ. ಕೋರ್ಟಿನ ನಕಲು ವಿಭಾಗದಲ್ಲಿ ಮೂವತ್ತಾರು ವರ್ಷ ಬೇರೆಯವರ ತೀರ್ಪುಗಳನ್ನು ಟೈಪ್ ಮಾಡಿದೆ. ಟೈಪ್ ಮಾಡುವವಳು ಓದಬಾರದು, ಓದಿದರೆ ವೇಗ ಕಡಿಮೆಯಾಗುತ್ತದೆ. ನಿವೃತ್ತಿಯಾದ ಮೇಲೆ ವಕೀಲೆ ಸಂಘಮಿತ್ರಾ ಮನೆಗೆ ಬಂದು, “ಪಂಪಕ್ಕಾ, ಮನ್ಯಾಗ ಕುಂತು ಏನ್ ಮಾಡ್ತೀರಿ, ನಮ್ಮ ಕಡೆ ಬರ್ರಿ” ಎಂದಳು. ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಸಂಬಳವಿಲ್ಲದ ಐದು ಜನ. ದನ, ಕುರಿ, ಕೋಳಿ ಸಾಕುವವರು ಮತ್ತು ಸಾಗಿಸುವವರು ಅವುಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಇರುವ ಕಾಯ್ದೆ, ನಿಯಮ, ತೀರ್ಪುಗಳನ್ನು ಹುಡುಕುವುದು, ಕನ್ನಡಕ್ಕೆ ತರುವುದು, ಬೇಕಾದವರಿಗೆ ಕೊಡುವುದು ಅಲ್ಲಿಯ ಕೆಲಸ. ಮೊದಲ ತಿಂಗಳು ನನಗೆ ಕೊಟ್ಟದ್ದು ಬೈಕಿಗೆ ಕೋಳಿಗಳನ್ನು ತಲೆಕೆಳಗಾಗಿ ತೂಗುಹಾಕಿ ಒಯ್ಯುವ ವಿಷಯ. ಅದನ್ನು ಹೇಳಿದಾಗ ನೀನು, “ಕೋಳಿಗೂ ವಕೀಲ್ರು ಬಂದ್ರೇನವ್ವಾ, ಇನ್ನ ತತ್ತಿಗ್ಯಾರು” ಎಂದು ನಕ್ಕು ಕೆಮ್ಮು ಹತ್ತಿಸಿಕೊಂಡೆ. ನಾನು ನಗಲಿಲ್ಲ. ಅರವತ್ತು ದಾಟಿದ ಮೇಲೆ ಮೊದಲ ಸಲ ಕಾನೂನನ್ನು ನಿಧಾನವಾಗಿ ಓದುತ್ತಿದ್ದೆ, ಅದರಲ್ಲಿ ಬಾಯಿಲ್ಲದ ಜೀವಗಳಿಗೂ ಸಾಲುಗಳಿವೆ ಎಂಬುದು ನನಗೆ ಹೊಸದು.

ಹಾಗೆ ಓದುತ್ತ ಸಿಕ್ಕಿದ್ದು 1965ರ ನಿಯಮ. ಉಷ್ಣಾಂಶ 37 ಡಿಗ್ರಿ ಮೀರುವ ಕಡೆ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯಾವ ಪ್ರಾಣಿಯನ್ನೂ ಗಾಡಿ ಎಳೆಯಲು ಬಳಸಬಾರದು, ಬಳಸುವಂತೆ ಮಾಡಲೂ ಬಾರದು. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದವಳು ಇದನ್ನು ಓದಿದರೆ ಹೇಗಾಗಬೇಡ. ಫೆಬ್ರವರಿಯಲ್ಲಿ ಸಿರುಗುಪ್ಪಕ್ಕೆ ಬಂದು ನಿನಗೇ ಮೊದಲು ಓದಿ ಹೇಳಿದೆ. ನೀನು ಮಿಲ್ಲಿನ ಗೋಡೆಯ ಪಕ್ಕ ಬೇವಿನ ಮರದ ಕೆಳಗೆ, ಇಟ್ಟಂಗಿ ಭಟ್ಟಿಗೆ ಭತ್ತದ ಹೊಟ್ಟು ಒಯ್ಯಲು ಬಂಡಿ ನಿಲ್ಲಿಸಿಕೊಂಡು ಕೂತಿದ್ದೆ. ಎತ್ತುಗಳ ಬೆನ್ನ ಮೇಲೆ ಒದ್ದೆ ಗೋಣಿಚೀಲ ಹಾಕಿದ್ದೆ. ಎಲ್ಲ ಕೇಳಿಸಿಕೊಂಡು, “ಈ ಕಾಯ್ದಿ ಎತ್ತಿಗೆ ಗೊತ್ತೈತಿ ಅಕ್ಕಾ, ಮಿಲ್ಲಿನ ಗೇಟಿಗೆ ಗೊತ್ತಿಲ್ಲ” ಎಂದೆ. ಆಮೇಲೆ ನೀನೇ ಬಿಡಿಸಿ ಹೇಳಿದೆ. ಬೆಳಿಗ್ಗೆ ಲಾರಿ, ಸಂಜೆ ಲಾರಿ. ಲಾರಿ ತುಂಬುವ ಹಮಾಲರು ಊಟಕ್ಕೆ ಹೋದಾಗ ಮಾತ್ರ ಅಂಗಳ ಖಾಲಿ. ಹಾಗಾಗಿ ಬಂಡಿಗಳನ್ನು ಒಳಗೆ ಬಿಡುವುದು ಹನ್ನೆರಡೂವರೆಯಿಂದ ಮೂರರವರೆಗೆ. ಬೇರೆ ಹೊತ್ತು ಕೇಳಿದರೆ ಟ್ರ್ಯಾಕ್ಟರ್ ಕರೆಸುತ್ತೇವೆ ಎನ್ನುತ್ತಾರೆ. ಅಂದು ನೀನು ಹೇಳಿದ್ದಷ್ಟನ್ನೂ ಬರೆದುಕೊಂಡೆ. ನಿನ್ನ ಜೊತೆ ಕೂತು ಕೆಲಸ ಮಾಡಿದ್ದು ನನ್ನ ಜೀವಮಾನದಲ್ಲಿ ಅದೊಂದೇ ದಿನ.

ಅದರ ಆಧಾರದ ಮೇಲೆ ನಾವು ಕೊಟ್ಟ ದೂರು ಆ ಗೇಟಿನ ವೇಳೆ ಬದಲಿಸಿ ಎಂಬುದಷ್ಟೇ ಆಗಿತ್ತು. ಬಂದವರು ಗೇಟಿನ ಒಳಗೆ ಹೋಗಲಿಲ್ಲ, ಹೊರಗಿದ್ದ ನಿನ್ನ ಬಂಡಿ ಹಿಡಿದರು. ಅಂದು ಬಿಸಿಲು 41 ದಾಟಿತ್ತು, ಎತ್ತುಗಳು ಹೂಡಿದ್ದವು, ಸಮಯ ಒಂದೂಕಾಲು. ನಿಯಮದ ಪ್ರಕಾರ ತಪ್ಪು ನಡೆದಿತ್ತು ಎಂಬುದನ್ನು ನಾನು ಅಲ್ಲಗಳೆಯಲಾರೆ. ಅದು ನಿನ್ನದಾಗಿರಲಿಲ್ಲ ಎಂಬುದನ್ನು ತೋರಿಸಬಹುದು, ಅದಕ್ಕೆ ಆಧಾರ ಬೇಕು. ಈ ಏಳು ವಾರ ನಾನು ಮಾಡಿದ್ದು ಅದನ್ನೇ.

ಮೊದಲು ಒಂದು ಪೆದ್ದುತನ ಮಾಡಿದೆ. ಬಿಸಿಲಿನ ಲೆಕ್ಕಕ್ಕಾಗಿ ಗ್ರಂಥಾಲಯದಲ್ಲಿ ಕೂತು ಐದು ವರ್ಷದ ಪತ್ರಿಕೆಗಳಿಂದ ಮಾರ್ಚ್, ಏಪ್ರಿಲ್, ಮೇ ತಿಂಗಳ ಉಷ್ಣಾಂಶವನ್ನೆಲ್ಲ ಬರೆದುಕೊಂಡೆ. ಒಂಬತ್ತು ದಿನ ಹಿಡಿಯಿತು. ಪತ್ರಿಕೆಯಲ್ಲಿ ಬಂದದ್ದು ಎಂದರೆ ಮುಗಿಯಿತು ಎಂದು ನನ್ನ ನಂಬಿಕೆ. ಸಂಘಮಿತ್ರಾ ನೋಡಿ ಮೆಲ್ಲಗೆ, “ಇದು ಬಳ್ಳಾರಿದು ಪಂಪಕ್ಕಾ, ಸಿರುಗುಪ್ಪದ್ದಲ್ಲ. ಮತ್ತ ಇದು ಎಷ್ಟು ಗಂಟೇದು ಅಂತ ಎಲ್ಲಿ ಐತಿ” ಎಂದಳು. ಎಲ್ಲೂ ಇರಲಿಲ್ಲ. ದಿನದ ಅತಿ ಹೆಚ್ಚು ಎಂದಷ್ಟೇ ಇತ್ತು. ಐವತ್ತು ವರ್ಷ ದಿನಾ ಓದಿದ ಮೂಲೆ ಅದು, ಯಾವತ್ತೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಆಮೇಲೆ ವಿಚಾರಿಸಿದಾಗ ಸಿರುಗುಪ್ಪದ ಕೃಷಿ ಫಾರಂನಲ್ಲಿ ಹವಾಮಾನ ಬರೆದಿಡುತ್ತಾರೆ ಎಂದು ತಿಳಿಯಿತು. ಹೋದೆ. ಬಿಳಿ ಬಣ್ಣದ ಒಂದು ಮರದ ಪೆಟ್ಟಿಗೆ, ಒಳಗೆ ಉಷ್ಣಮಾಪಕ. ಒಬ್ಬರು ದಿನಾ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಎರಡು ಗಂಟೆಗೆ ಒಂದು ಸಲ ಬಾಗಿಲು ತೆಗೆದು ಓದಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಮಧ್ಯಾಹ್ನ ಎರಡು! ನನಗೆ ಬೇಕಾದದ್ದು ಅದೇ ಹೊತ್ತು. ಅರ್ಜಿ ಕೊಟ್ಟು, ಸಹಿ ಮೊಹರಿನ ಜೊತೆ ನಕಲು ಪಡೆದೆ. ಈ ವರ್ಷದ ಮಾರ್ಚ್, ಏಪ್ರಿಲ್ ಸೇರಿ ಅರವತ್ತೊಂದು ದಿನಗಳಲ್ಲಿ ನಲವತ್ತೇಳು ದಿನ ಎರಡು ಗಂಟೆಯ ಉಷ್ಣಾಂಶ 37ಕ್ಕಿಂತ ಮೇಲೆ.

ಇನ್ನೊಂದು ಆಧಾರ ನಿನ್ನ ಮನೆಯಲ್ಲೇ ಸಿಕ್ಕಿತು. ಮಿಲ್ಲಿನ ಗೇಟಿನಲ್ಲಿ ಒಳಗೆ ಹೋಗುವಾಗ ಕೊಡುವ ಚೀಟಿಗಳನ್ನು ಮಾರೆಮ್ಮ ತಂತಿಗೆ ಚುಚ್ಚಿ ಒಲೆಯ ಪಕ್ಕ ತೂಗುಹಾಕಿದ್ದಳು, ಬೆಂಕಿ ಹಚ್ಚಲು ಕಾಗದವಾಗುತ್ತದೆ ಎಂದು. ಎಪ್ಪತ್ತೆರಡು ಉಳಿದಿದ್ದವು. ಎಲ್ಲದರ ಮೇಲೂ ತಾರೀಕು, ಗಂಟೆ. 12.40, 1.15, 1.50. ಎಪ್ಪತ್ತೆರಡರಲ್ಲಿ ಒಂದೂ ಬೆಳಗಿನದಲ್ಲ. ನನ್ನ ಕಣ್ಣಿಗೆ ಬಿದ್ದ ದಿನ ಅವಳು ಮೂರನ್ನು ಆಗಲೇ ಒಲೆಗೆ ಹಾಕಿಯಾಗಿತ್ತು, “ಇದರಾಗ ಏನೈತ್ರಿ ಅಂತ ಮಹಾ” ಎಂದು ಬೈದುಕೊಂಡೇ ಉಳಿದವನ್ನು ಇಳಿಸಿ ಕೊಟ್ಟಳು. ಖಾಜಾಮಿಯಾ ಕಿತ್ತ ಲಾಳಗಳನ್ನೂ ಒಂದು ಡಬ್ಬಿಯಲ್ಲಿ ಇಟ್ಟಿದ್ದಾನೆ. ಮೊಳೆಗಳ ಸಂದಿಯಲ್ಲಿ ಡಾಂಬರು ಮೆತ್ತಿಕೊಂಡಿದೆ. “ರಸ್ತೆ ಕರಗೂದು ನಡು ಮಧ್ಯಾಹ್ನ ಅಕ್ಕಾರ, ಮುಂಜಾನಿ ನಡದ ಎತ್ತಿಗೆ ಇದು ಹತ್ತಂಗಿಲ್ಲ” ಎಂದ. ಇದು ನ್ಯಾಯಾಲಯದಲ್ಲಿ ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ, ಆದರೂ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ.

ಈಗ ನಿನ್ನಿಂದ ಆಗಬೇಕಾದದ್ದು. ಜೂನ್ 23, ಸೋಮವಾರ, ಸಿರುಗುಪ್ಪದ ಕೋರ್ಟಿನಲ್ಲಿ ಎತ್ತುಗಳ ವಿಚಾರಣೆ ಇದೆ. ಅವನ್ನು ಮಾಲೀಕನಿಗೆ ಒಪ್ಪಿಸಬೇಕೆಂಬ ಅರ್ಜಿಯನ್ನು ಸಂಘಮಿತ್ರಾ ಬರೆದಿಟ್ಟಿದ್ದಾಳೆ, ಅದಕ್ಕೆ ಮಾಲೀಕನ ಸಹಿ ಬೇಕು, ಅಂದು ಅವನು ಎದುರಿಗೆ ನಿಲ್ಲಬೇಕು. ಅಕ್ಕ ಬಂದರೆ ನಡೆಯುವುದಿಲ್ಲ, ಹೆಂಡತಿ ಬಂದರೂ ನಡೆಯುವುದಿಲ್ಲ, ಎರಡನ್ನೂ ಕೇಳಿ ನೋಡಿದೆ. ಅಂದೂ ಯಾರೂ ಬರದಿದ್ದರೆ ಎತ್ತುಗಳನ್ನು ಗೋಶಾಲೆಗೇ ಕಾಯಂ ಒಪ್ಪಿಸಬಹುದು. ಆ ಚೀಟಿಗಳು ನಿನ್ನವು, ಗೇಟು ಬೇರೆ ಹೊತ್ತು ತೆರೆಯುತ್ತಿರಲಿಲ್ಲ ಎಂದು ನೀನು ನಿಂತು ಹೇಳಿದರೆ ಮಿಲ್ಲಿನವರನ್ನೂ ಕರೆಸುತ್ತಾರೆ ಎಂದು ಸಂಘಮಿತ್ರಾ ಹೇಳುತ್ತಾಳೆ. ಉಳಿದ ಹನ್ನೊಂದು ಬಂಡಿಗಳು ಇವತ್ತಿಗೂ ಹನ್ನೆರಡೂವರೆಗೇ ಒಳಗೆ ಹೋಗುತ್ತಿವೆ. ಹೋದ ಶುಕ್ರವಾರ ನಾನೇ ಬೇವಿನ ಮರದ ಕೆಳಗೆ ನಿಂತು ಎಣಿಸಿದೆ. ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಅವ್ವ ತೀರಿದಾಗ ನಿನಗೆ ನಾಲ್ಕು, ನನಗೆ ಹದಿನಾಲ್ಕು. ಅಪ್ಪ ಕುರುಗೋಡು ಬಸ್ ನಿಲ್ದಾಣದಲ್ಲಿ ಪೇಪರ್ ಮಾರುವಾಗ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಅಲ್ಲೇ ನಿಂತಿರುತ್ತಿದ್ದೆ. ಬಳ್ಳಾರಿ ಬಸ್ಸು ಬರುವ ಹೊತ್ತಿಗೆ ನೀನು ಪೇಪರ್ ಕಟ್ಟಿನ ಮೇಲೆ ನಿದ್ದೆ ಹೋಗಿರುತ್ತಿದ್ದೆ. ಎಬ್ಬಿಸಿದರೆ ಕೆನ್ನೆಗೆ ಮಸಿ, ಅಂದಿನ ತಲೆಬರಹದ ಎರಡು ಅಕ್ಷರ ತಿರುಗಾಮುರುಗಾ ಅಂಟಿರುತ್ತಿತ್ತು. ಸೆರಗಿನಿಂದ ಒರೆಸಿದರೆ ಅಳುತ್ತಿದ್ದೆ. ಈಗ ಭಾನುವಾರ ಅದೇ ನಿಲ್ದಾಣದಲ್ಲಿ ಇಳಿಯುತ್ತೇನೆ. ಜಾಗ ಗುರುತು ಸಿಗುವುದಿಲ್ಲ, ಮೊಬೈಲ್ ಅಂಗಡಿ ಬಂದಿದೆ. ಆದರೂ ಬಸ್ಸಿನ ಮೆಟ್ಟಿಲಿಳಿಯುವಾಗ ಎಡಗೈ ತಾನಾಗಿ ಸೊಂಟದ ಹತ್ತಿರ ಹೋಗುತ್ತದೆ, ಮಗುವನ್ನು ಹಿಡಿದುಕೊಳ್ಳುವ ಹಾಗೆ. ನಿನಗೆ ಐವತ್ತೊಂದು ವರ್ಷ. ಇದನ್ನು ಬರೆಯಲು ನನಗೆ ಸಂಕೋಚ. ಆದರೂ ಸುಳ್ಳಲ್ಲ, ಹಾಗಾಗಿ ಬರೆದಿದ್ದೇನೆ.

ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊ. ಮೂಟೆಯನ್ನು ಎಡ ಹೆಗಲಿಗೆ ಹೊರು, ಬಲಗಾಲಿಗೆ ಭಾರ ಬೀಳದಿರಲಿ. ಮಾರೆಮ್ಮ ತಾನು ಏನೂ ಹೇಳಿಲ್ಲ ಎಂದು ತಿಳಿಸಲು ಹೇಳಿದ್ದಾಳೆ. ಅಪ್ಪ ಅವ್ವ ಇದ್ದಿದ್ದರೆ ಹರಸುತ್ತಿದ್ದಷ್ಟನ್ನೂ ನಾನೊಬ್ಬಳೇ ಹರಸುತ್ತಿದ್ದೇನೆ. ಗಟ್ಟಿಯಾಗಿರು, ನಮ್ಮ ಕಣ್ಣೆದುರು ಇರು.

ನಿನ್ನ ಅಕ್ಕ,
ಪಂಪಾವತಿ

ತಾ.ಕ.: ಗುರುವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ್ದೆ, ಹರಿದೆ. ಸಿರುಗುಪ್ಪದ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ. ಮೇ 30ರಂದು ಅರ್ಜಿಗಾಗಿ ಕೋರ್ಟಿನ ಕಡತದ ನಕಲು ತೆಗೆಸಿದೆ. ದೂರಿನ ಜೊತೆ ಹೋದ ಬಂಡಿಗಳ ಪಟ್ಟಿ ಅದರಲ್ಲಿದೆ. ಅದು ನಾನು ಟೈಪ್ ಮಾಡಿದ್ದು. ಹೆಸರು ಬೇಡ, ಎಷ್ಟು ಬಂಡಿ, ಎಷ್ಟು ಗಂಟೆ ಅಷ್ಟೇ ಸಾಕು ಎಂದು ಸಂಘಮಿತ್ರಾ ಹೇಳಿದ್ದಳು. ಹೇಳಿದವರ ಹೆಸರಿಲ್ಲದ ವರದಿಯನ್ನು ನಾನು ಪತ್ರಿಕೆಯಲ್ಲೇ ನಂಬುವವಳಲ್ಲ. ಹಾಗಾಗಿ ಕೊನೆಯ ಹಾಳೆಯ ಕೆಳಗೆ, ಮಾಹಿತಿ ನೀಡಿದವರು ಎಂದು, ನಿನ್ನ ಹೆಸರು, ಅಪ್ಪನ ಹೆಸರು, ಓಣಿ, ಎತ್ತುಗಳ ಬಣ್ಣ ಎಲ್ಲವನ್ನೂ ಸೇರಿಸಿದ್ದೆ. ಆ ಹಾಳೆ ಹಾಗೆಯೇ ಹೋಯಿತು. ಜೀಪಿನಲ್ಲಿ ಬಂದವರು ನಿನ್ನನ್ನು ಹೆಸರು ಹಿಡಿದು ಕೂಗಿದ್ದು ಅದನ್ನು ನೋಡಿಕೊಂಡು. ಖಾಜಾಮಿಯಾ ಯಾರಿಗೂ ಏನೂ ಹೇಳಿಲ್ಲ. ಎತ್ತು ಹಿಡಿದ ಆ ಸಂಜೆ ನೀನು ಫೋನಿನಲ್ಲಿ ಯಾರು ಕೊಟ್ಟಿರಬೇಕು ಎಂದು ಕೇಳಿದಾಗ, ಖಾಜಾ ಇರಬೇಕು, ಅವನಿಗೆ ಎಲ್ಲರ ಜೊತೆ ಮಾತು ಜಾಸ್ತಿ ಎಂದವಳೂ ನಾನೇ. ಅವರು ನಿನ್ನ ಹೆಸರು ಓದಿದ್ದು ನನ್ನ ಹಾಳೆಯಿಂದ ಎಂದು ಆಗ ನನಗೆ ಹೊಳೆದಿರಲಿಲ್ಲ. ಆದರೆ ತಿಳಿದು ಹದಿಮೂರು ದಿನವಾಯಿತು, ಅದರಲ್ಲಿ ಎರಡು ಭಾನುವಾರ ಅವನು ನನ್ನ ಎದುರಿಗೇ ಕೂತಿದ್ದ, ನಾನು ಬಾಯಿ ಬಿಡಲಿಲ್ಲ. ಈಗ ಅವನಿಗೆ ಹೇಳಲು ಹೊರಟಿದ್ದೇನೆ. ನನ್ನ ಜೊತೆ ಮಾತು ಬಿಟ್ಟರೂ ಸರಿ. ಅವನು ಫೋನು ಮಾಡಿದರೆ ಮಾತಾಡು.